ಹವ್ಯಾಸಿ ರೇಡಿಯೋ

ಹವ್ಯಾಸಗಳು ಹಲವು ಬಗೆಯವು. ಕೆಲವರು ಅಂಚೆಚೀಟಿಗಳನ್ನು ಸಂಗ್ರಹಿಸುತ್ತಾರೆ; ಕೆಲವರು ಹಕ್ಕಿಗಳನ್ನು ಅರಸಿ ಕಾಡುಮೇಡು ಅಲೆಯುತ್ತಾರೆ. ಮನೆಯ ಮೂಲೆಯೊಂದರಲ್ಲಿ ಕುಳಿತು, ನಡುವೆ ತಂತಿಯ ಸಂಪರ್ಕವಿಲ್ಲದೆ, ಸಾವಿರಾರು ಕಿಲೋಮೀಟರು ಆಚೆಯ ಅಪರಿಚಿತರೊಡನೆ ಸಂಭಾಷಿಸುವುದೂ ಒಂದು ಹವ್ಯಾಸ. ಇದೇ ಹವ್ಯಾಸಿ ರೇಡಿಯೋ. ಇದರಲ್ಲಿ ತೊಡಗಿದವರನ್ನು ಜಗತ್ತಿನಾದ್ಯಂತ ‘ಹ್ಯಾಮ್’ ಎಂದು ಕರೆಯುತ್ತಾರೆ.

ಆಕಾಶವಾಣಿಯ ಶ್ರೋತೃಗಳು ಕೇಳಬಲ್ಲರೇ ಹೊರತು ಮರುನುಡಿಯಲಾರರು. ಹ್ಯಾಮ್‌ಗಳ ಬಳಿ ಗ್ರಾಹಕದ ಜೊತೆಗೆ ಪ್ರೇಷಕವೂ ಇರುತ್ತದೆ. ಪ್ರೇಷಕವು ಮಾತನ್ನು ರೇಡಿಯೋ ಅಲೆಗಳ ಮೇಲೇರಿಸಿ ಆಂಟೆನಾದ ಮೂಲಕ ಹೊರಕ್ಕೆ ಕಳುಹಿಸುತ್ತದೆ. ಈ ಅಲೆಗಳು ಸರಳರೇಖೆಯಲ್ಲಿ ಚಲಿಸುವಂಥವು, ಭೂಮಿಯಾದರೋ ಗುಂಡಗಿದೆ. ಹಾಗಿದ್ದರೆ ಅವು ದೂರದೇಶಗಳನ್ನು ತಲಪುವುದು ಹೇಗೆ? ನೆಲದಿಂದ ಸುಮಾರು 60 ಕಿಲೋಮೀಟರು ಎತ್ತರದಿಂದ ಮೇಲಕ್ಕೆ, ಸೂರ್ಯನ ಅತಿನೇರಳೆ ಕಿರಣಗಳ ದೆಸೆಯಿಂದ, ವಿದ್ಯುದಂಶವುಳ್ಳ ಕಣಗಳ ಪದರಗಳು ಏರ್ಪಟ್ಟಿವೆ. ಇವಕ್ಕೆ ಅಯಾನುಗೋಳವೆಂದು ಹೆಸರು. ಹ್ರಸ್ವ ತರಂಗಗಳು ಇಲ್ಲಿ ಬಾಗಿ ಮತ್ತೆ ನೆಲದತ್ತ ಮರಳುತ್ತವೆ. ಆದುದರಿಂದಲೇ, ಕಾಲ ಅನುಕೂಲವಾಗಿದ್ದಾಗ, ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಶಕ್ತಿಯಿಂದ ಖಂಡಾಂತರದ ಮಾತುಕತೆ ಸಾಧ್ಯವಾಗುತ್ತದೆ.

ಈ ಸ್ವಾತಂತ್ರ್ಯಕ್ಕೆ ಕಟ್ಟುಪಾಡೂ ಉಂಟು. ಹ್ಯಾಮ್ ಆಗಬಯಸುವವರು ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಸರ್ಕಾರದಿಂದ ಪರವಾನಗಿ ಪಡೆಯಬೇಕು. ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಕರೆಸಂಕೇತ ದೊರೆಯುತ್ತದೆ. ಭಾರತದಲ್ಲಿ ಅದು ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ವ್ಯಾಪಾರದ ಮಾತು, ಗುಪ್ತಭಾಷೆ ನಿಷಿದ್ಧ. ಮಾತನಾಡುವ ಮುನ್ನ ಆಲಿಸಬೇಕೆಂಬುದು ಮೊದಲ ಪಾಠ. ಒಂದೇ ಆವರ್ತಾಂಕದಲ್ಲಿ ಇಬ್ಬರು ಏಕಕಾಲಕ್ಕೆ ನುಡಿದರೆ ಯಾರ ಮಾತೂ ತಿಳಿಯದು.

ಮೊಬೈಲ್ ಫೋನು ಕೈಯಲ್ಲಿರುವಾಗ ಈ ಹವ್ಯಾಸದಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಮೊಬೈಲಿನ ಮಾತು ಗೋಪುರಗಳನ್ನೂ ವಿನಿಮಯ ಕೇಂದ್ರಗಳನ್ನೂ ಅವಲಂಬಿಸಿದೆ; ಅವು ಕೆಟ್ಟರೆ ಮಾತೂ ನಿಲ್ಲುತ್ತದೆ. ಹ್ಯಾಮ್‌ಗೆ ತನ್ನ ಯಂತ್ರದೊಡನೆ ಒಂದು ಬ್ಯಾಟರಿ, ಮರಕ್ಕೆ ಕಟ್ಟಿದ ಒಂದು ತಂತಿ ಇದ್ದರೆ ಸಾಕು.

2004ರ ಡಿಸೆಂಬರಿನಲ್ಲಿ ಈ ಮಾತಿಗೆ ನಿದರ್ಶನ ದೊರೆಯಿತು. ದೆಹಲಿಯ ಹವ್ಯಾಸಿ ಭಾರತಿ ಪ್ರಸಾದ್ ಅವರ ತಂಡ ಆಗ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿತ್ತು. ಅನೇಕ ವರ್ಷಗಳಿಂದ ಆ ದ್ವೀಪಗಳಿಂದ ಹವ್ಯಾಸಿಗಳ ದನಿ ಕೇಳಿಬಂದಿರಲಿಲ್ಲ. ಅಲ್ಲಿನ ಸಂಪರ್ಕಕ್ಕಾಗಿ ಜಗತ್ತಿನ ಹ್ಯಾಮ್‌ಗಳು ಕಾತರರಾಗಿದ್ದರು. 26ರ ಬೆಳಗ್ಗೆ ಭೂಕಂಪವೂ ಅದರ ಬೆನ್ನಲ್ಲೇ ಸುನಾಮಿಯೂ ಎರಗಿದವು. ದೂರವಾಣಿ ಸಂಪರ್ಕ ಕಡಿದುಹೋಯಿತು. ಸಂತೋಷಕ್ಕೆಂದು ಒಯ್ದಿದ್ದ ಯಂತ್ರಗಳು ಆಗ ಸೇವೆಗೆ ನಿಂತವು. ತಂಡವು ದ್ವೀಪವಾಸಿಗಳ ಕ್ಷೇಮವಾರ್ತೆಯನ್ನು ಬಿತ್ತರಿಸಿತು. ಮುಖ್ಯಭೂಮಿಯ ಹ್ಯಾಮ್‌ಗಳು ಅದನ್ನು ಆಲಿಸಿ, ತಲ್ಲಣಿಸುತ್ತಿದ್ದ ಬಂಧುಗಳಿಗೆ ಮುಟ್ಟಿಸಿದರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ಸ್ಪಷ್ಟವಾಗಿ ನುಡಿಯುವುದು, ತಾಳ್ಮೆಯಿಂದ ಆಲಿಸುವುದು, ಕೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಒಂದು ದಿನದಲ್ಲಿ ಬರುವ ವಿದ್ಯೆಗಳಲ್ಲ. ಬಿಡುವಿನ ವೇಳೆಯಲ್ಲಿ ಅಪರಿಚಿತರೊಡನೆ ನಡೆಸಿದ ಸ್ನೇಹಸಂಭಾಷಣೆಗಳಲ್ಲಿ ಹ್ಯಾಮ್‌ಗಳು ಅವನ್ನು ರೂಢಿಸಿಕೊಂಡಿರುತ್ತಾರೆ. ಸಂಕಟದ ದಿನ ನೆರವಾಗುವುದು ಆ ರೂಢಿಯೇ.