ಚರ್ಚಿಗೊಂದು ಬೆಲೆ, ನಿಮಿಷಕ್ಕೊಂದು ಬೆಲೆ

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಸ್ಟ್ಯೂಕ್ಲಿ ಎಂಬ ಹಳ್ಳಿಯಿದೆ. ಅಲ್ಲಿನ ಸೇಂಟ್ ಮೈಕಲ್ ಚರ್ಚು 12ನೇ ಶತಮಾನದ್ದು. ಬಾಗಿಲು, ಕಮಾನುಗಳ ಸುತ್ತ ಗರಗಸದ ಹಲ್ಲುಗಳಂತೆ ಸಾಲುಗಟ್ಟಿದ ಕಲ್ಲಿನ ಕೆತ್ತನೆ. ಲಂಡನ್ನಿನ ಮೂರನೇ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕಲು 1968ರಲ್ಲಿ ನೇಮಕವಾದ ರಾಸ್ಕಿಲ್ ಆಯೋಗದ ಲೆಕ್ಕದಲ್ಲಿ ನಿಲ್ದಾಣ ಅಲ್ಲಿಗೆ ಬಂದರೆ ನೆಲಸಮವಾಗಬೇಕಿದ್ದ ಈ ಚರ್ಚಿನ ಬೆಲೆ 51,000 ಪೌಂಡ್. ಅದು ಬೆಂಕಿ ವಿಮೆಯ ಮೊತ್ತ!

ಸಾರ್ವಜನಿಕ ಕಾಮಗಾರಿಯ ಲಾಭ ನಷ್ಟ ತೂಗುವ ಈ ವಿದ್ಯೆಗೆ ಅಡಿಪಾಯ ಹಾಕಿದ್ದು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ. ಸೇತುವೆಯ ಪ್ರಯೋಜನವನ್ನು ಸುಂಕದ ಪೆಟ್ಟಿಗೆ ನೋಡಿ ಅಳೆಯಲಾಗದು, ದಾಟುವವರು ಹೆಚ್ಚೆಂದರೆ ಎಷ್ಟು ಕೊಡಲು ಸಿದ್ಧರಿದ್ದರು ಎಂಬುದನ್ನೂ ನೋಡಬೇಕು ಎಂದು ಆತ 1844ರಲ್ಲೇ ವಾದಿಸಿದ್ದ.

ನಗರ ಸಾರಿಗೆಯಲ್ಲಿ ಈ ಮಾತಿನ ಬಲ ಕಂಡದ್ದು ಲಂಡನ್ನಿನ ವಿಕ್ಟೋರಿಯಾ ಸುರಂಗ ರೈಲು ಮಾರ್ಗದಲ್ಲಿ. ಟಿಕೆಟ್ ಹಣದಿಂದ ಅದರ ಖರ್ಚು ಹುಟ್ಟುವಂತಿರಲಿಲ್ಲ. ಆದರೆ ಸಿ.ಡಿ. ಫಾಸ್ಟರ್ ಮತ್ತು ಎಂ.ಇ. ಬೀಸ್ಲಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಉಳಿಯುವ ಸಮಯಕ್ಕೆ ಬೆಲೆ ಕಟ್ಟಿ ನೋಡಿದಾಗ, ಪ್ರಯೋಜನದ ದೊಡ್ಡ ಪಾಲು ಆ ರೈಲನ್ನು ಹತ್ತದವರಿಗೇ ಸಿಗುತ್ತಿತ್ತು. ಒಂದಷ್ಟು ಜನ ಸುರಂಗಕ್ಕಿಳಿದರೆ ಮೇಲಿನ ರಸ್ತೆ ಸಡಿಲವಾಗುತ್ತದೆ, ಬಸ್ಸು ಕಾರುಗಳು ಬೇಗ ಸಾಗುತ್ತವೆ.

ಇದೇ ತಕ್ಕಡಿ ರಾಸ್ಕಿಲ್ ಆಯೋಗದಲ್ಲಿ ಎಡವಿತು. ಪಟ್ಟಿಯಲ್ಲಿದ್ದ ನಾಲ್ಕು ಜಾಗಗಳ ಪೈಕಿ ಸಮುದ್ರ ತೀರದ ಫೌಲ್‌ನೆಸ್ ಲಂಡನ್ನಿನಿಂದ ದೂರ. ಪ್ರಯಾಣಿಕರ ನಿಮಿಷಗಳನ್ನೆಲ್ಲ ಪೌಂಡಿಗೆ ಪರಿವರ್ತಿಸಿ ಕೂಡಿಸಿದಾಗ ಆ ದೂರವೇ ದುಬಾರಿಯಾಯಿತು. ಆಯೋಗ ಸ್ಟ್ಯೂಕ್ಲಿ ಪಕ್ಕದ ಕಬ್ಲಿಂಗ್ಟನ್ ಕಡೆ ಬೆರಳು ತೋರಿತು. ವಿಮಾನ ಏರುವವರ ಸಮಯ ಪೂರ್ತಿ ಲೆಕ್ಕಕ್ಕೆ ಸಿಕ್ಕಿತ್ತು. ಊರು ಬಿಡಬೇಕಾದವರ ಸಂಕಟ, ಎಂಟು ಶತಮಾನ ಬಾಳಿದ ಕಲ್ಲಿನ ಮಹತ್ವ ಅಷ್ಟು ಪೂರ್ತಿಯಾಗಿ ಸಿಕ್ಕಿರಲಿಲ್ಲ. ಸದಸ್ಯ ಕಾಲಿನ್ ಬುಕಾನನ್ ಒಬ್ಬರೇ ಭಿನ್ನಮತ ಬರೆದರು. ಹಳ್ಳಿಗರು ಹೋರಾಟಕ್ಕಿಳಿದರು. 1971ರಲ್ಲಿ ಸರ್ಕಾರ ಫೌಲ್‌ನೆಸ್ ಆರಿಸಿತು. 1974ರಲ್ಲಿ ಅದನ್ನೂ ಕೈಬಿಟ್ಟಿತು.

ಚರ್ಚು ಉಳಿಯಿತು. ಲೆಕ್ಕದ ವಿದ್ಯೆಯೂ ಉಳಿಯಿತು, ಉಳಿಯಲೇಬೇಕಿತ್ತು. ಅದಿಲ್ಲದಿದ್ದರೆ ನಷ್ಟದ ಹೆಸರಿನಲ್ಲಿ ಎಷ್ಟೋ ರೈಲು ಮಾರ್ಗಗಳು ಕಾಗದದಲ್ಲೇ ಕೊನೆಯಾಗುತ್ತಿದ್ದವು.

ಭಾರತದ 2017ರ ಮೆಟ್ರೊ ರೈಲು ನೀತಿಯೂ ಇದೇ ದಾರಿ ಹಿಡಿಯಿತು. ಮೊದಲು ಯೋಜನೆಯೇ ಗಳಿಸುವ ಶೇ 8ರ ಹಣಕಾಸು ಪ್ರತಿಫಲ ನೋಡಲಾಗುತ್ತಿತ್ತು. ಈಗ ಇಡೀ ಸಮಾಜಕ್ಕೆ ಸಿಗುವ ಶೇ 14ರ ಆರ್ಥಿಕ ಪ್ರತಿಫಲ ತೋರಿಸಬೇಕು. ಅಂದರೆ ಬೆಂಗಳೂರಿನಲ್ಲಿ ಹೊಸ ಮಾರ್ಗ ಕೇಳುವಾಗ ಮೆಟ್ರೊ ಹತ್ತದ ಬೈಕ್ ಸವಾರನಿಗೆ ಉಳಿಯುವ ಸಮಯವೂ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದರೆ ಕಡಿಯುವ ಮರ, ಎತ್ತಂಗಡಿಯಾಗುವ ಅಂಗಡಿ, ಏರುವ ಮನೆ ಬಾಡಿಗೆಗಳಿಗೆ ಎಷ್ಟು ಬೆಲೆ ಕಟ್ಟಲಾಗಿದೆ? ನಿಮ್ಮ ಊರಿನ ಮುಂದಿನ ಯೋಜನಾ ವರದಿ ಬಂದಾಗ ಕೊನೆಯ ಶೇಕಡಾವಾರಿಗಿಂತ ಮೊದಲು ಆ ಬೆಲೆಗಳಿರುವ ಪುಟವನ್ನು ತೆರೆದು ಓದಿ.