ಕೊಲೆಸ್ಟ್ರಾಲ್ ಏರಿದ್ದಕ್ಕೆ ಅಡುಗೆಮನೆಯೇ ಹೊಣೆಯೇ?

ತಿಪಟೂರು ತಾಲೂಕಿನ ಅರಳಗುಪ್ಪೆಯ ಸುತ್ತಮುತ್ತ ತೆಂಗಿನ ತೋಟಗಳು. ಇಲ್ಲಿನ ಮನೆಗಳಲ್ಲಿ ಸಾರಿಗೂ ಕಾಯಿ, ಪಲ್ಯಕ್ಕೂ ಕಾಯಿ. ಹಾಗಾಗಿ ಮನೆಯ ಯಜಮಾನರಿಗೆ ‘ಕೊಲೆಸ್ಟ್ರಾಲ್ ಜಾಸ್ತಿ’ ಎಂಬ ರಿಪೋರ್ಟ್ ಬಂದರೆ ಮೊದಲ ದೂರು ಅಡುಗೆ ಮಾಡಿದಾಕೆಯ ಮೇಲೆಯೇ. ಈ ದೂರು ಎಷ್ಟು ನಿಜ?

ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬಿದೆ. ಅದನ್ನು ಧಾರಾಳವಾಗಿ ಬಳಸಿದರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಕೆಲವರ ರಕ್ತದಲ್ಲೇ ಇರುತ್ತದೆ. ಅದು ವಂಶವಾಹಿ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ಚೀಲಗಳನ್ನು ಇಳಿಸಲು ಹಮಾಲಿಗಳಿಲ್ಲದಿದ್ದರೆ ಸರಕು ಬೀದಿಯಲ್ಲೇ ಉಳಿಯುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ಅನ್ನು ಒಳಗೆ ಎಳೆದುಕೊಳ್ಳಲು ನಮ್ಮ ಯಕೃತ್ತಿನಲ್ಲೂ ಇಂಥ ‘ಹಮಾಲಿ’ಗಳಿದ್ದಾರೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಅವರನ್ನು ನಾಶ ಮಾಡುತ್ತದೆ. ಇದು ಹೆಚ್ಚಾದಷ್ಟೂ ರಕ್ತನಾಳಗಳಲ್ಲಿ ಕೊಬ್ಬು ಶೇಖರವಾಗುತ್ತದೆ.

ಈ ಪ್ರೋಟೀನ್ ತಯಾರಾಗದಂತೆ ತಡೆಯಬಹುದೇ? ವಂಶವಾಹಿ ತನ್ನ ಆದೇಶವನ್ನು ಆರ್‌ಎನ್‌ಎ ಎಂಬ ‘ಚೀಟಿ’ಯಲ್ಲಿ ಬರೆದು ಕಳುಹಿಸುತ್ತದೆ. ಆ ಚೀಟಿಯನ್ನು ದಾರಿಯಲ್ಲೇ ಹರಿದುಹಾಕುವ ವಿಧಾನವನ್ನು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಪುಟ್ಟ ಹುಳದಲ್ಲಿ ಕಂಡುಕೊಂಡರು. 2006ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇದರಲ್ಲಿ ವಂಶವಾಹಿ ಬದಲಾಗುವುದಿಲ್ಲ, ಅದರ ಮಾತು ಮಾತ್ರ ಕೇಳಿಸದಂತಾಗುತ್ತದೆ.

2004ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಯಿತು. 2006ರಲ್ಲಿ ಕೋತಿಗಳಿಗೆ ಕೊಟ್ಟ ಒಂದೇ ಡೋಸಿನ ಪರಿಣಾಮ 11 ದಿನ ಉಳಿಯಿತು. ಈ ಎರಡರಲ್ಲೂ ಸುಮ್ಮನಾಗಿಸಿದ್ದು ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಪ್ರೋಟೀನಿನ ವಂಶವಾಹಿಯನ್ನು. 2008ರಲ್ಲಿ ಪಿಸಿಎಸ್‌ಕೆ9ರ ಸರದಿ ಬಂತು. ಆಗ ಕೋತಿಗಳಲ್ಲಿ ಪರಿಣಾಮ ಮೂರು ವಾರ ನಿಂತಿತು. ಇದೇ ದಾರಿಯಲ್ಲಿ ಬಂದ ‘ಇನ್‌ಕ್ಲಿಸಿರಾನ್’ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಯುರೋಪ್, 2021ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಇದರಿಂದ ಎಲ್‌ಡಿಎಲ್ ಸುಮಾರು ಅರ್ಧದಷ್ಟು ಇಳಿಯುತ್ತದೆ.

ಹಾಗೆಂದು ಈಗ ತೆಗೆದುಕೊಳ್ಳುತ್ತಿರುವ ಸ್ಟ್ಯಾಟಿನ್ ಮಾತ್ರೆಯನ್ನು ಬಿಡಬೇಡಿ. ಚುಚ್ಚುಮದ್ದು ತೀರಾ ದುಬಾರಿ. ಸ್ಟ್ಯಾಟಿನ್ ಅಗ್ಗ, ಹೃದಯಾಘಾತವನ್ನು ತಡೆಯುವಲ್ಲಿ ಅದಕ್ಕೆ ಹತ್ತಾರು ವರ್ಷಗಳ ಸಾಕ್ಷ್ಯವಿದೆ. ಗರ್ಭಿಣಿಯರು ಮತ್ತು ಮಗುವನ್ನು ಬಯಸುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಒಂದು ಮಾತು ಮುಖ್ಯ. ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುತ್ತದೆ. ತಂದೆ ಅಥವಾ ತಾಯಿಗೆ ಇದು ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಬರೀ ಪಥ್ಯದಿಂದ ಇದು ಹತೋಟಿಗೆ ಬರುವುದಿಲ್ಲ. ಮನೆಯಲ್ಲಿ ಗಂಡಸರಿಗೆ 55ಕ್ಕೆ ಮುಂಚೆ, ಹೆಂಗಸರಿಗೆ 65ಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ ಒಡಹುಟ್ಟಿದವರೂ ಮಕ್ಕಳೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಕ್ಕಳು ತೆಳ್ಳಗಿದ್ದಾರೆ, ಆರೋಗ್ಯವಾಗಿದ್ದಾರೆ ಎಂದು ಸುಮ್ಮನಾಗಬೇಡಿ.

ಅಡುಗೆಯಲ್ಲಿ ಎಣ್ಣೆ, ಮಾಂಸದ ಕೊಬ್ಬು ಮಿತವಾಗಿರಲಿ. ಸಾರಿಗೆ ಒಂದು ಹಿಡಿ ಕಾಯಿ ಹಾಕಿದಾಕೆಯನ್ನು ದೂರುವ ಮೊದಲು, ಅಜ್ಜನಿಗೆ ಯಾವ ವಯಸ್ಸಿನಲ್ಲಿ ಎದೆನೋವು ಬಂದಿತ್ತು ಎಂದು ಮನೆಯ ಹಿರಿಯರನ್ನು ಕೇಳಿ. ಆ ಉತ್ತರ ಮೊಮ್ಮಗನ ಜೀವ ಉಳಿಸಬಹುದು.