ಬಳ್ಳಿ ಇಳಿಸುವ ಕೈ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಕಡೆ ಹೊರಳಿದರೆ ಎರೆಹೊಲ ನಿಧಾನಕ್ಕೆ ಹಿಂದೆ ಸರಿದು ಕೆಂಪು ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಈ ದಾರಿ ಹಿಡಿಯುವವರಲ್ಲಿ ಬಹುಪಾಲು ಜನ ಗುಹೆ ನೋಡುತ್ತಾರೆ, ಗುಡಿ ನೋಡುತ್ತಾರೆ, ಪಟ್ಟದಕಲ್ಲಿಗೆ ಹೋಗಿ ಬರುತ್ತಾರೆ. ಬಾದಾಮಿಯಿಂದ ಐದಾರು ಕಿಲೋಮೀಟರಿನ ಬನಶಂಕರಿಯಲ್ಲೂ ಅಷ್ಟೆ: ದೇವಿಯ ದರ್ಶನ, ಹರಿದ್ರಾತೀರ್ಥದ ಹೊಂಡ, ಬಾಳೆ ಎಲೆಯ ಮೇಲೆ ರೊಟ್ಟಿ ಊಟ. ಸುತ್ತಲಿನ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳನ್ನು ಯಾರೂ ಸ್ಮಾರಕವೆಂದು ಎಣಿಸುವುದಿಲ್ಲ.

ಎಣಿಸಬೇಕು. ಪಾರಂಪರಿಕ ತೋಟಗಳ ರಕ್ಷಣೆಗೆಂದು 1981ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ತಜ್ಞರು ಒಂದು ಸನ್ನದು ರೂಪಿಸಿದರು. ತೋಟವೆಂದರೆ ಜೀವಂತ ಸ್ಮಾರಕ ಎಂಬುದು ಅದರ ತಿರುಳು. ಕಲ್ಲಿನ ಕಂಬ ಯಾರೂ ಮುಟ್ಟದಿದ್ದರೂ ಸಾವಿರ ವರ್ಷ ನಿಂತೀತು. ತೋಟ ಎರಡು ಬೇಸಿಗೆ ಕೈ ತಪ್ಪಿದರೆ ಮುಗಿಯಿತು. ಹಾಗಾಗಿ ತೋಟವನ್ನು ಉಳಿಸುವುದೆಂದರೆ ಅದನ್ನು ನೋಡಿಕೊಳ್ಳುವ ಕಸುಬನ್ನು ಉಳಿಸುವುದು. ಬೇರೆ ದಾರಿ ಇಲ್ಲ.

ಎಲೆಬಳ್ಳಿಯನ್ನೇ ನೋಡಿ. ಕರಿಮೆಣಸಿನ ಕುಲದ ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ರೈತರು ಇದನ್ನು ಬೀಜದಿಂದ ಬೆಳೆಸುವುದಿಲ್ಲ, ಗಿಣ್ಣುಗಳಿರುವ ತುಂಡುಗಳನ್ನು ನೆಟ್ಟು ಬೆಳೆಸುತ್ತಾರೆ. ಅಂದರೆ ಇಂದು ನಾವು ಮೆಲ್ಲುವ ಅಂಬಾಡಿ ಎಲೆ ಹಿಂದಿನವರು ಮೆದ್ದ ಬಳ್ಳಿಯ ನಕಲೇ. ತುಂಡಿನಿಂದ ತುಂಡಿಗೆ, ತೋಟದಿಂದ ತೋಟಕ್ಕೆ ದಾಟಿ ಬಂದದ್ದು. ಜೋಳದ ಹಾಗೆ ಹಗೇವಿನಲ್ಲಿ ಬೀಜ ತೆಗೆದಿಟ್ಟು ಬರ ಕಳೆದ ಮೇಲೆ ಬಿತ್ತೋಣ ಎನ್ನುವಂತಿಲ್ಲ. ಎಲ್ಲೋ ಒಂದು ತೋಟದಲ್ಲಿ ಬಳ್ಳಿ ಜೀವ ಹಿಡಿದಿರಲೇಬೇಕು.

ಅದನ್ನು ಜೀವ ಹಿಡಿಸುವ ಕೆಲಸ ಬಳ್ಳಿ ನೆಡುವುದಕ್ಕೂ ಮೊದಲೇ ಶುರುವಾಗುತ್ತದೆ. ಚೊಗಚಿ, ನುಗ್ಗೆಗಳನ್ನು ಸಾಲಾಗಿ ಬೆಳೆಸಿ, ಅವು ಎತ್ತರವಾದ ಮೇಲೆ ಬಳ್ಳಿ ಹಬ್ಬಿಸುತ್ತಾರೆ. ಚೊಗಚಿ ಬರೀ ಆಸರೆಯಲ್ಲ: ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಅದರ ಸಣ್ಣ ಎಲೆಗಳು ಬಿಸಿಲನ್ನು ಸೋಸಿ ಬಿಡುತ್ತವೆ. ನೆರಳು ಹೆಚ್ಚಾದರೆ ಟೊಂಗೆ ಸವರಬೇಕು, ಕಡಿಮೆಯಾದರೆ ಬಿಡಬೇಕು. ಎಷ್ಟು ಎಂಬುದನ್ನು ಎಲೆಯ ಬಣ್ಣವೇ ಹೇಳುತ್ತದೆ, ನೋಡಿ ತಿಳಿಯುವವರಿಗೆ. ಬಳ್ಳಿ ಕಟ್ಟಲು ಬಾಳೆನಾರು ಒಳ್ಳೆಯದು. ಬಳ್ಳಿ ತನ್ನ ಗಿಣ್ಣಿನ ಬೇರುಗಳಿಂದ ಮರವನ್ನು ಹಿಡಿಯುವ ಹೊತ್ತಿಗೆ ನಾರು ಕೊಳೆತು ಉದುರುತ್ತದೆ. ನೈಲಾನ್ ದಾರ ಉದುರುವುದಿಲ್ಲ, ಕಾಂಡವನ್ನೇ ಕೊರೆಯುತ್ತದೆ.

ಇದೆಲ್ಲಕ್ಕಿಂತ ನಾಜೂಕಿನ ಕೆಲಸ ಬಳ್ಳಿ ಇಳಿಸುವುದು. ಮೇಲೇರಿದಂತೆ ಬಳ್ಳಿಯ ಹುರುಪು ತಗ್ಗಿ ಎಲೆ ಸಣ್ಣದಾಗುತ್ತದೆ. ಆಗ ಅದನ್ನು ಆಸರೆಯಿಂದ ಮೆಲ್ಲನೆ ಬಿಡಿಸಿ, ಮುರಿಯದಂತೆ ಸುರುಳಿ ಮಾಡಿ, ಬುಡದಲ್ಲಿ ಮಣ್ಣಿಗೆ ಹೂಳಿ, ತುದಿಯನ್ನು ಮಾತ್ರ ಮತ್ತೆ ಮೇಲಕ್ಕೆ ಹಬ್ಬಿಸುತ್ತಾರೆ. ಹೂತ ಗಿಣ್ಣುಗಳಲ್ಲಿ ಹೊಸ ಬೇರು ಒಡೆಯುತ್ತವೆ, ಹಳೆಯ ಬಳ್ಳಿ ಹೊಸ ಬುಡದ ಮೇಲೆ ನಿಲ್ಲುತ್ತದೆ. ಎಷ್ಟು ಬಾಗಿಸಿದರೆ ಕಾಂಡ ತಾಳುತ್ತದೆ, ಎಷ್ಟು ಹಸಿಯಿದ್ದರೆ ಸಾಕು ಎಂಬುದು ಕೈಗೆ ಗೊತ್ತಿರುವ ವಿದ್ಯೆ. ಪುಸ್ತಕ ಓದಿ ಬರುವಂಥದ್ದಲ್ಲ. ನೀರಿನ ಲೆಕ್ಕವೂ ಹಾಗೆಯೇ. ಮಡಿ ಒಣಗಬಾರದು, ನೀರು ನಿಲ್ಲಲೂಬಾರದು. ಬುಡ ಕೊಳೆಸುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜಿ ಬೇರಿನಿಂದ ಬೇರಿಗೆ ಹೋಗುತ್ತವೆ. ನಿಂತ ನೀರು ಬಸಿದು ಹೋಗಲೆಂದು ತೋಟಿಗರು ಕಾಲುವೆ ತೋಡಿಡುವುದು ಈ ಕಾರಣಕ್ಕೆ, ಸೂಕ್ಷ್ಮದರ್ಶಕದ ಹೆಸರು ಕೇಳದಿದ್ದರೂ.

ಎಲೆಯ ಜೊತೆ ಸುಣ್ಣವಿಲ್ಲದೆ ಆದೀತೆ? ತಾಂಬೂಲಕ್ಕೆ ಸವರುವ ಸುಣ್ಣವೇ ಹಳೆಯ ಹೊಂಡ, ಬಾವಿ, ಕಾಲುವೆಗಳ ಗಚ್ಚಿನ ಮೂಲದ್ರವ್ಯ. 100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿನಲ್ಲಿ ಅರಳಿಸಿ, ಮರಳು, ಇಟ್ಟಿಗೆ ಪುಡಿ ಬೆರೆಸಿ ಗಾಣದಲ್ಲಿ ಅರೆದರೆ ಗಚ್ಚು. ಗೋಡೆ ಸೇರಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರುತ್ತ ಮತ್ತೆ ಕಲ್ಲಾಗುತ್ತದೆ. ಸುಣ್ಣದ ಗಚ್ಚು ಮರಳುಗಲ್ಲಿಗಿಂತ ಮೆತ್ತಗೆ, ತೇವವನ್ನು ಸಲೀಸಾಗಿ ಹೊರಬಿಡುತ್ತದೆ. ಅವಸರದ ರಿಪೇರಿಯಲ್ಲಿ ಅದೇ ಸಂದಿಗೆ ಸಿಮೆಂಟು ತುಂಬಿದರೆ ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಅದರೊಡನೆ ಬಂದ ಲವಣ ಕಲ್ಲಿನೊಳಗೇ ಹರಳುಗಟ್ಟಿ, ಕಲ್ಲು ಪದರ ಪದರವಾಗಿ ಉದುರುತ್ತದೆ. ಗಟ್ಟಿಯಾಗಿ ಉಳಿಯುವುದು ಸಿಮೆಂಟು ಮಾತ್ರ. ಬಾಗಲಕೋಟೆ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ, ಸಿಮೆಂಟ್ ಕಾರ್ಖಾನೆಗಳೇ ಇವೆ. ಬರ ಇರುವುದು ಗಚ್ಚು ಅರೆದು ತಿಕ್ಕಬಲ್ಲ ಗೌಂಡಿಗಳಿಗೆ.

ಗುಡಿಗಳ ಸುತ್ತ ಹುಲ್ಲುಹಾಸು ಬೆಳೆಸುವ ರೂಢಿಯ ಬಗ್ಗೆಯೂ ಒಂದು ಮಾತು. ಕಣ್ಣಿಗೆ ತಂಪು, ನಿಜ. ಆದರೆ ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಮಳೆ ಬೀಳುವ ಸೀಮೆಯಲ್ಲಿ ಅದು ಹೊರಗಿನಿಂದ ಬಂದ ಅಂದ. ಅದಕ್ಕೆ ದಿನವೂ ಬಿಡುವ ನೀರು ಅಡಿಪಾಯದ ಕಲ್ಲಿಗೂ ಏರುತ್ತದೆ. ಈ ನೆಲದ ತೋಟಿಗರನ್ನು ಕೇಳಿದ್ದರೆ ಅವರು ಹುಲ್ಲು ಬೆಳೆಸಲು ಹೇಳುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮೈಸೂರು ವೀಳ್ಯದೆಲೆಗೂ ಸಿಕ್ಕಿದೆ. ಅದು ಸರಕಿನ ಹೆಸರನ್ನು ಕಾಯುತ್ತದೆಯೇ ಹೊರತು ಕಸುಬನ್ನು ಮುಂದಿನವರಿಗೆ ಕಲಿಸುವುದಿಲ್ಲ. ಸ್ಪೇನಿನ ವೇಲೆನ್ಸಿಯ, ಮುರ್ಸಿಯಗಳಲ್ಲಿ ತೋಟದ ನೀರಿನ ವ್ಯಾಜ್ಯ ಬಗೆಹರಿಸುವ ರೈತರ ಪಂಚಾಯಿತಿಗಳನ್ನು ಯುನೆಸ್ಕೊ 2009ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮನ್ನಣೆ ಸಂದದ್ದು ಕಟ್ಟಡಕ್ಕಲ್ಲ, ರೂಢಿಗೆ.

ನಮ್ಮಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. 2008ರಲ್ಲಿ ಹುಟ್ಟಿದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಬಳ್ಳಿ ಇಳಿಸಬಲ್ಲ, ಮಡಿ ಕಟ್ಟಬಲ್ಲ, ಗಚ್ಚು ಅರೆಯಬಲ್ಲ ಹಿರಿಯರನ್ನು ಅದು ಗುರುಗಳೆಂದು ಕರೆದು ಸಂಬಳ ಕೊಡಲಿ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಒಂದು ವರ್ಷ ಕೂಲಿಗೆ ಕಡಿಮೆಯಾಗದ ಭತ್ಯೆಯೂ ಸಿಗಲಿ, ಏಕೆಂದರೆ ಬರಿಗೈಲಿ ಯಾರ ಮಕ್ಕಳೂ ಬರುವುದಿಲ್ಲ. ಮೊದಲ ತಂಡಕ್ಕೆ ಹತ್ತು ಮಂದಿ ಸಾಕು.